34ನೇ ವಯಸ್ಸಿಗೆ ಕರಾಟೆ ಸೇರಿದ್ದೇನೆ, ಕಲಿತವರು ಸ್ವಲ್ಪ ದಾರಿ ಹೇಳಿ

ಪ್ರಶ್ನೆ

ಶಾಲೆ ಬಿಟ್ಟ ಮೇಲೆ ಆಟ, ವ್ಯಾಯಾಮ ಏನೂ ಇರಲಿಲ್ಲ. ಹೋದ ತಿಂಗಳು ಕರಾಟೆ ಕ್ಲಾಸಿಗೆ ಸೇರಿದೆ. ಇಷ್ಟವಾಗಿದೆ, ಆದರೆ ತಲೆ ತುಂಬ ಪ್ರಶ್ನೆಗಳು. ಮೊದಲು ಫಿಟ್ ಆಗಿ ಆಮೇಲೆ ಸೇರಬೇಕಿತ್ತಾ? ದಿನಾ ಅದೇ ಪಂಚ್, ಅದೇ ನಿಲುವು ಮಾಡಿಸುತ್ತಾರೆ, ಇದು ಎಲ್ಲಿಯವರೆಗೆ? ಸ್ಪಾರಿಂಗ್ (ಇನ್ನೊಬ್ಬರ ಜೊತೆ ಅಭ್ಯಾಸದ ಹೊಡೆದಾಟ) ಅಂದರೆ ಭಯ. ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ ಬೇಕು? ನಾಳೆ ಏನಾದರೂ ಆದರೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದಾ? ಕರಾಟೆಯೇ ಆಗಬೇಕೆಂದಿಲ್ಲ, ಯಾವ ಸಮರ ಕಲೆ ಕಲಿತವರಾದರೂ ನಿಮ್ಮ ಅನುಭವ ಹೇಳಿ.

ಕರಾಟೆ ಕಲಿಯುತ್ತಿರುವವರು

ಸೇರಿಬಿಟ್ಟಿದ್ದೀರಲ್ಲ, ಅದೇ ಒಳ್ಳೆಯದಾಯಿತು. ಫಿಟ್ ಆಗಿ ಸೇರುತ್ತೇನೆ ಅಂದವರಲ್ಲಿ ಹೆಚ್ಚಿನವರು ಸೇರುವುದೇ ಇಲ್ಲ. ಓಡಿದರೆ ಓಡುವ ದಮ್ಮು ಬರುತ್ತದೆ, ಆದರೆ ಮಂಡಿ ಬಗ್ಗಿಸಿ ತಗ್ಗಿ ನಿಲ್ಲುವ ಶಕ್ತಿ ಹಾಗೆ ನಿಂತೇ ಬರಬೇಕು. ಮೊದಮೊದಲು ಮೈಕೈ ನೋವು ಇದ್ದೇ ಇರುತ್ತದೆ, ಎಷ್ಟೋ ಸಲ ಕ್ಲಾಸಿನ ಮರುದಿನಕ್ಕಿಂತ ಅದರ ಮರುದಿನವೇ ಜಾಸ್ತಿ. ಎರಡೂ ತೊಡೆ ಒಂದೇ ಥರ ನೋಯುತ್ತಿದ್ದರೆ ಚಿಂತೆ ಬೇಡ, ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ. ಒಂದೇ ಮಂಡಿಯಲ್ಲಿ ಚುಚ್ಚಿದ ಹಾಗೆ ಆದರೆ, ಕೀಲು ಊದಿದರೆ ಅದು ಬೇರೆ ವಿಷಯ. ಅಲ್ಲಿ ಹಲ್ಲು ಕಚ್ಚಿ ಮುಂದುವರಿಯಬೇಡಿ, ತೋರಿಸಿಕೊಳ್ಳಿ. ನಮ್ಮ ವಯಸ್ಸಿನಲ್ಲಿ ಮಾಂಸಖಂಡ ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಹದಕ್ಕೆ ಬರಲು ಜಾಸ್ತಿ ಸಮಯ ಬೇಕು. ಎರಡು ಮೂರು ತಿಂಗಳಾದ ಮೇಲೆ ಮೈ ಹಗುರ ಅನಿಸಿ ಉತ್ಸಾಹದಲ್ಲಿ ಜೋರು ಮಾಡುತ್ತೇವಲ್ಲ, ಹುಷಾರಾಗಿರಬೇಕಾದದ್ದು ಆಗಲೇ.

ಅದೇ ಪಂಚ್ ಯಾಕೆ ಅಂತ ಕೇಳಿದಿರಿ. ಒಂದು ಪಂಚನ್ನು ಹತ್ತಿರದಿಂದ ನೋಡಿ. ಹೆಬ್ಬೆರಳು ಮುಷ್ಟಿಯ ಒಳಗೆ ಹೋಗಬಾರದು, ತೋರುಬೆರಳು ಮತ್ತು ಮಧ್ಯದ ಬೆರಳಿನ ಮೇಲೆ ಹೊರಗಿಂದ ಒತ್ತಿರಬೇಕು. ಆ ಎರಡು ಬೆರಳುಗಳ ಗೆಣ್ಣೇ ತಾಗಬೇಕು. ಕಿರುಬೆರಳಿನ ಕಡೆಯಿಂದ ಹೊಡೆದರೆ ಅದರ ಹಿಂದಿನ ಸಣ್ಣ ಮೂಳೆ ಮುರಿಯುತ್ತದೆ, ಗೋಡೆಗೆ ಗುದ್ದಿ ಆಸ್ಪತ್ರೆಗೆ ಬರುವವರಲ್ಲಿ ಸಾಮಾನ್ಯವಾಗಿ ಕಾಣುವ ಗಾಯ ಇದು. ಮಣಿಕಟ್ಟು ಮುಂಗೈ ನೇರಕ್ಕೆ ಇರಬೇಕು. ಮೊಣಕೈ ಪಕ್ಕೆಲುಬನ್ನು ಸವರಿಕೊಂಡೇ ಹೊರಡಬೇಕು. ಶಕ್ತಿ ನೆಲದಿಂದ ಬರುತ್ತದೆ: ಹಿಂದಿನ ಹಿಮ್ಮಡಿ ಒತ್ತಿ, ಸೊಂಟ ತಿರುಗಿ, ಭುಜ ಹೋಗಿ, ಮುಷ್ಟಿ ಎಲ್ಲಕ್ಕಿಂತ ಕೊನೆಗೆ. ಹೊಸಬರಲ್ಲಿ ಮುಷ್ಟಿ ಮೊದಲು ಹೋಗುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ, ಉಸಿರು ಕಟ್ಟಿರುತ್ತದೆ. ಶುರುವಿನಿಂದಲೇ ಇಡೀ ತೋಳು ಬಿಗಿ ಹಿಡಿದರೆ ಕೈಯನ್ನು ಹಿಂದಕ್ಕೆ ಎಳೆಯುವ ಮಾಂಸಖಂಡಗಳೂ ಕೆಲಸ ಮಾಡುತ್ತವೆ, ಪಂಚ್ ನಿಧಾನ ಆಗುತ್ತದೆ. ತಾಗುವ ಕ್ಷಣಕ್ಕೆ ಮಾತ್ರ ಬಿಗಿ ಸಾಕು.

ಇಷ್ಟೂ ಒಂದೇ ಸಲ ಸರಿಯಾಗುವುದಿಲ್ಲ, ಅಲ್ವಾ? ಇವತ್ತು ಭುಜ ಮಾತ್ರ ನೋಡುತ್ತೇನೆ ಅಂತ ಕ್ಲಾಸಿಗೆ ಹೋಗಿ. ಮುಂದಿನ ಸಲ ಹಿಮ್ಮಡಿ. ಹೀಗೆ ಹೋದರೆ ಅದೇ ಪಂಚ್ ಬೇಜಾರಾಗುವುದಿಲ್ಲ, ಇದು ನನಗೆ ತುಂಬ ನೆರವಾದ ಅಭ್ಯಾಸ. ಸುಮ್ನೆ ಎಣಿಸಿಕೊಂಡು ಕೈ ಬೀಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಜೂಡೋ ಆಡುವವರು

ನಾನು ಬೀಳುವುದರ ಬಗ್ಗೆ ಹೇಳುತ್ತೇನೆ. ಕರಾಟೆಯಲ್ಲೂ ಕಾಲು ಗುಡಿಸಿ ಬೀಳಿಸುವುದಿದೆ, ನಿಮ್ಮಲ್ಲಿ ಕಲಿಸದಿದ್ದರೆ ಕೇಳಿ ಕಲಿಯಿರಿ.

ಬೀಳುವಾಗ ಕೈ ತಾನಾಗಿ ಹಿಂದಕ್ಕೆ ಊರಲು ಹೋಗುತ್ತದೆ. ಮಣಿಕಟ್ಟು, ಮೊಣಕೈ, ಕೊರಳೆಲುಬು ಮುರಿಯುವುದು ಹೀಗೆಯೇ. ಆ ಬುದ್ಧಿಯನ್ನು ಮೈಯಿಂದ ಬಿಡಿಸುವುದಕ್ಕೇ ಉಕೆಮಿ, ಅಂದರೆ ಪೆಟ್ಟಾಗದ ಹಾಗೆ ಬೀಳುವ ಅಭ್ಯಾಸ, ಇರುವುದು. ಮೊದಲು ಕುಕ್ಕರಗಾಲಲ್ಲಿ ಕೂತು ಶುರು ಮಾಡಿ. ಗಲ್ಲ ಎದೆಗೆ ಒತ್ತಿ ನಿಮ್ಮ ಬೆಲ್ಟಿನ ಗಂಟು ನೋಡಿ, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಿ, ಉಸಿರು ಬಿಡಿ. ಬೆನ್ನು ತಾಗುವ ಹೊತ್ತಿಗೆ ಎರಡೂ ತೋಳು ಅಂಗೈ ಕೆಳಗಾಗಿ ಮ್ಯಾಟಿಗೆ ಬಡಿಯಬೇಕು. ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರ ಇರಲಿ, ಭುಜದ ಮಟ್ಟಕ್ಕೆ ಏರಬಾರದು. ಇದು ಸಲೀಸಾದ ಮೇಲೆ ನಿಂತು ಬೀಳುವುದು. ನಿಮಗೆ ಬೀಳುವ ಭಯ ಹೋದರೆ ಉಳಿದ ಅರ್ಧ ಭಯ ಅದರ ಜೊತೆಗೇ ಹೋಗುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಜಿಗೊರೊ ಕಾನೊ 1882ರಲ್ಲಿ ಜೂಡೋ ಶಾಲೆ ಶುರು ಮಾಡಿದರು, ಅವರು ಒತ್ತಿ ಹೇಳಿದ ಒಂದು ತತ್ವ, ನಾನೂ ಎದುರಿನವರೂ ಜೊತೆಗೇ ಬೆಳೆಯಬೇಕು ಅನ್ನುವುದು. ಗೋಡೆಗೆ ಬರೆದು ಹಾಕುವ ಮಾತಷ್ಟೇ ಅಲ್ಲ ಅದು. ಯಾರೋ ಒಬ್ಬರು ಬೀಳಲು ಒಪ್ಪಿದ್ದರಿಂದಲೇ ನಾವು ಎಸೆಯುವುದನ್ನು ಕಲಿಯುತ್ತೇವೆ. ಅವರ ತೋಳು ಬಿಡದೆ ಮೇಲಕ್ಕೆ ಹಿಡಿದುಕೊಂಡರೆ ಅವರು ಹಗುರವಾಗಿ ಬೀಳುತ್ತಾರೆ, ಎದ್ದು ಮತ್ತೆ ಬರುತ್ತಾರೆ. ನಿಮ್ಮ ಜೊತೆ ಅಭ್ಯಾಸ ಮಾಡಲು ಜನ ಹಿಂಜರಿದರೆ ನಿಮ್ಮ ಕಲಿಕೆ ಅಲ್ಲಿಗೇ ನಿಂತಿತು.

ಪ್ರಶ್ನೆ ಕೇಳಿದವರು

ತುಂಬ ಥ್ಯಾಂಕ್ಸ್. ನಿನ್ನೆ ಮೊದಲ ಸಲ ಲಘು ಸ್ಪಾರಿಂಗ್ ಮಾಡಿಸಿದರು. ಕೈ ಎದುರಿಗೆ ಬಂದರೆ ಸಾಕು, ಕಣ್ಣು ಮುಚ್ಚಿಹೋಗುತ್ತದೆ. ಎದುರಿನವರು ಜೋರಾಗಿ ಹೊಡೆಯುತ್ತಿದ್ದರೆ ಹೇಳಬಹುದಾ, ಅಥವಾ ತಡೆದುಕೊಳ್ಳಬೇಕಾ?

ಕಿಕ್‌ಬಾಕ್ಸಿಂಗ್ ಮಾಡುವವರು

ಹೇಳಬಹುದು ಅಲ್ಲ, ಹೇಳಲೇಬೇಕು. "ಸ್ವಲ್ಪ ನಿಧಾನ" ಅಂದರೆ ಸಾಕು. ಕೇಳಿಯೂ ಕಡಿಮೆ ಮಾಡದಿದ್ದರೆ ಗ್ಲೌಸ್ ಕೆಳಗಿಳಿಸಿ ಹಿಂದೆ ಸರಿದು ಕಲಿಸುವವರಿಗೆ ಹೇಳಿ. ಎಷ್ಟೋ ಸಲ ಬೇಕೆಂದು ಮಾಡಿರುವುದಿಲ್ಲ. ಒಬ್ಬರು ಸ್ವಲ್ಪ ಜೋರು ಮಾಡುತ್ತಾರೆ, ಇನ್ನೊಬ್ಬರು ಅದಕ್ಕೆ ಸರಿಸಮ ಕೊಡುತ್ತಾರೆ, ಹಾಗೇ ಏರುತ್ತಾ ಹೋಗಿ ಎರಡು ನಿಮಿಷದಲ್ಲಿ ನಿಜವಾದ ಹೊಡೆದಾಟ ಆಗಿರುತ್ತದೆ.

ಕಣ್ಣು ಮುಚ್ಚುವುದು ಎಲ್ಲರಿಗೂ ಆಗುತ್ತದೆ. ಪರಿಚಯದವರೊಬ್ಬರನ್ನು ನಿಲ್ಲಿಸಿಕೊಂಡು, ಅವರು ತೀರಾ ನಿಧಾನವಾಗಿ ನಿಮ್ಮ ಹಣೆಯ ಕಡೆ ಗ್ಲೌಸ್ ಚಾಚಲಿ, ನೀವು ಬರೀ ಅಂಗೈಯಲ್ಲಿ ಪಕ್ಕಕ್ಕೆ ತಳ್ಳಿ, ತಿರುಗಿ ಹೊಡೆಯುವುದೇ ಬೇಡ. ಗಲ್ಲ ಕೆಳಗೆ, ನೋಟ ಅವರ ಎದೆಯ ಮೇಲೆ, ಪ್ರತಿ ಸಲ ತಳ್ಳುವಾಗಲೂ ಉಸಿರು ಹೊರಗೆ. ಕಣ್ಣು ತೆರೆದೇ ಇದ್ದರೆ ಮಾತ್ರ ವೇಗ ಏರಿಸಿ.

ಮೌತ್‌ಗಾರ್ಡ್ ಇಲ್ಲದೆ ಸ್ಪಾರಿಂಗ್ ಬೇಡ. ತಲೆಗೆ ಹಾಕುವ ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗಾಡುವುದನ್ನು ಅಷ್ಟಾಗಿ ತಡೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದು ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಇವುಗಳಲ್ಲಿ ಯಾವುದು ಕಂಡರೂ ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು, ಡಾಕ್ಟರಿಗೆ ತೋರಿಸಿ. ಇದರಲ್ಲಿ ಧೈರ್ಯ ತೋರಿಸಲು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಜಿಯು ಜಿಟ್ಸು ಕಲಿಯುತ್ತಿರುವವಳು

ನಮ್ಮಲ್ಲಿ ಮೊದಲ ದಿನವೇ ಕಲಿಸುವುದು ಟ್ಯಾಪ್, ಅಂದರೆ ಸಾಕು ಬಿಡಿ ಅನ್ನುವ ಸನ್ನೆ. ಕೀಲು ತಿರುಚಿದಾಗ, ಕತ್ತು ಬಿಗಿದಾಗ ಎದುರಿನವರ ಮೈ ತಟ್ಟಿ, ಕೈ ಸಿಗದಿದ್ದರೆ ಬಾಯಲ್ಲೇ ಹೇಳಿ. ನೋವು ಬರುವವರೆಗೆ ಕಾಯಬೇಡಿ, ಹಿಮ್ಮಡಿ ತಿರುಚುವ ಹಿಡಿತದಲ್ಲಿ ನೋವು ಗೊತ್ತಾಗುವಷ್ಟರಲ್ಲಿ ಮಂಡಿ ಹಾಳಾಗಿರಬಹುದು. ತಟ್ಟಿದರೂ ಬಿಡದವರ ಜೊತೆ ಮತ್ತೆ ಆಡಬೇಡಿ. ಯಾವ ಕಾರಣಕ್ಕೇ ಆಗಲಿ, ಒಬ್ಬರ ಜೊತೆ ಅಭ್ಯಾಸ ಮಾಡಲು ಇಷ್ಟವಿಲ್ಲ ಅಂದರೆ ಬೇಡ ಅನ್ನುವ ಹಕ್ಕು ನಿಮಗಿದೆ, ಹೆಂಗಸರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅದಕ್ಕೆ ಮುಖ ಗಂಟಿಕ್ಕುವ ಕ್ಲಾಸು ಒಳ್ಳೆಯ ಕ್ಲಾಸಲ್ಲ.

ಉಗುರು ಕತ್ತರಿಸಿ, ಬಟ್ಟೆ ಪ್ರತಿ ಸಲ ಒಗೆಯಿರಿ, ಮುಗಿದ ತಕ್ಷಣ ಸ್ನಾನ ಮಾಡಿ. ಹುಳುಕಡ್ಡಿ ಆದರೆ ವಾಸಿಯಾಗುವವರೆಗೆ ಮ್ಯಾಟಿಗೆ ಇಳಿಯಬೇಡಿ.

ಕರಾಟೆ ಕಲಿಸುವವರು

ಬೆಲ್ಟ್ ವಿಷಯ ಯಾರೂ ಹೇಳಿಲ್ಲ. ಬೆಲ್ಟ್ ಪದ್ಧತಿ ಜೂಡೋದಿಂದ ಬಂದದ್ದು. ಗಿಚಿನ್ ಫುನಾಕೋಶಿ 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ಬಂದು ಕರಾಟೆ ತೋರಿಸಿದರು, ಕಾನೊ ಅವರ ಪದ್ಧತಿ ನೋಡಿ ತಾವೂ ಆ ಬಟ್ಟೆ, ಆ ಬೆಲ್ಟ್ ಅಳವಡಿಸಿಕೊಂಡರು. ಅಂದರೆ ಕಲೆ ಹಳೆಯದು, ಬೆಲ್ಟ್ ಆಮೇಲೆ ಬಂದದ್ದು. ತಪ್ಪದೆ ಬಂದರೆ ಬ್ಲ್ಯಾಕ್ ಬೆಲ್ಟ್‌ಗೆ ಕರಾಟೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಅಥವಾ ಇನ್ನೂ ಜಾಸ್ತಿ, ಜಿಯು ಜಿಟ್ಸುವಿನಲ್ಲಿ ಹತ್ತು ವರ್ಷದ ಆಸುಪಾಸು. ಇಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತ ಮೊದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆತ್ಮರಕ್ಷಣೆ ಬಗ್ಗೆ: ಕ್ಲಾಸು ನಿಮಗೆ ಅಂತರದ ಅಂದಾಜು ಕೊಡುತ್ತದೆ, ಪೆಟ್ಟು ಬಿದ್ದರೂ ಬುದ್ಧಿ ಕೈಕೊಡದ ಹಾಗೆ ಮಾಡುತ್ತದೆ, ಜೋರಾಗಿ ಕೂಗಲು ಕಲಿಸುತ್ತದೆ. ಆದರೆ ಎದುರಿನವರ ಕೈಯಲ್ಲಿ ಚಾಕು ಇದ್ದರೆ, ಅಥವಾ ಅವರು ಒಬ್ಬರಿಗಿಂತ ಜಾಸ್ತಿ ಇದ್ದರೆ ಓಡಿ. ಪರ್ಸ್ ಕೇಳಿದರೆ ಕೊಟ್ಟುಬಿಡಿ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರು

ವಾರಕ್ಕೆ ಎಷ್ಟು ದಿನ ಹೋಗಲಿ? ಮಧ್ಯೆ ಬಿಟ್ಟುಹೋದರೆ?

ಕರಾಟೆ ಕಲಿಸುವವರು

ಸದ್ಯಕ್ಕೆ ಎರಡು ದಿನ ಸಾಕು, ನಡುವೆ ಒಂದು ದಿನವಾದರೂ ಬಿಡುವಿರಲಿ. ಮನೆಯಲ್ಲಿ ಹತ್ತು ನಿಮಿಷ ನಿಲುವು ಮತ್ತು ನಿಧಾನದ ಪಂಚ್. ವಾರಕ್ಕೆ ಐದು ದಿನ ಅಂತ ಶುರು ಮಾಡಿದವರು ಮೂರನೇ ತಿಂಗಳಿಗೆ ಕಾಣುವುದಿಲ್ಲ. ಬಿಟ್ಟುಹೋದರೆ ಕಾರಣ ಹೇಳಬೇಕಾಗುತ್ತದೆ ಅಂತ ಸಂಕೋಚ ಪಟ್ಟುಕೊಂಡು ಇನ್ನೂ ತಡಮಾಡಬೇಡಿ, ಸುಮ್ನೆ ಬಂದು ಸಾಲಿನಲ್ಲಿ ನಿಲ್ಲಿ. ಮೊದಲ ಒಂದೆರಡು ವಾರ ಸ್ಪಾರಿಂಗ್ ಬೇಡ ಅಂತ ಹೇಳಿ, ಬರೀ ಮೂಲ ಪಾಠ ಮಾಡಿ.