ಡಲ್ಲಾಸ್ ಸರ, ಹಾಸನದ ಪ್ಲಗ್

ನಮ್ಮ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಬ್ಯಾಚಿನ ಫೋನ್ ಗುಂಪಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹಾಸ್ಟೆಲ್‌ನಲ್ಲಿ ಊರೇ ಹೆಸರಾಗಿತ್ತು, ಈಗಲೂ ಅದೇ. ತಿಪಟೂರು ಮಾತ್ರ ಅಮೆರಿಕಕ್ಕೆ ಹೋಗಿ ಡಲ್ಲಾಸ್ ಆಗಿದ್ದಾನೆ. ಕಳೆದ ಡಿಸೆಂಬರಿನಲ್ಲಿ ಅವನು ಹಾಕಿದ ಒಂದು ವಿಡಿಯೊ ನಾಲ್ಕು ದಿನ ಓಡಿತು. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ತೆಗೆದು ಉಳಿದಿದ್ದನ್ನು ಇಲ್ಲಿ ಹಾಕಿದ್ದೇನೆ.

ಭಾನುವಾರ, ಬೆಳಗ್ಗೆ 6:42

ಡಲ್ಲಾಸ್: ನೋಡ್ರಪ್ಪಾ, ಕ್ರಿಸ್ಮಸ್‌ಗೆ ಮನೆ ರೆಡಿ. ಸೂರಿನ ಅಂಚಿಗೆ ಎಂಟು ದೀಪದ ಸರ. ಏಣಿ ಹತ್ತಿ ನಾನೇ ಕಟ್ಟಿದ್ದು.

ಹಾಸನ: ದೀಪಾವಳಿಯದ್ದು ಇನ್ನೂ ಬಿಚ್ಚಿಲ್ಲ ಅನ್ನು.

ಡಲ್ಲಾಸ್: ಬಾಗಿಲ ಹತ್ತಿರದ್ದು ಬಿಚ್ಚಿಲ್ಲ, ನಿಜ. ಇಲ್ಲಿ ನಮ್ಮವರು ಬಹಳ ಜನ ಹಾಗೇ. ದೀಪಾವಳಿಗೆ ಏರಿದ್ದು ಜನವರಿಗೆ ಇಳಿಯುತ್ತದೆ.

ಮೈಸೂರು: ನಮ್ಮ ಹಬ್ಬಕ್ಕೆ ಬಾಗಿಲಿಗೆ ಒಂದು ಸರ, ಅವರ ಹಬ್ಬಕ್ಕೆ ಎಂಟು. ಚೆನ್ನಾಗಿದೆ.

ಮೂಡುಬಿದಿರೆ: ‘ಅವರ’ ಅಂದರೆ ನಾನಾ? ನಾನೂ ಇದೇ ಗುಂಪಿನಲ್ಲಿದ್ದೇನೆ ಮಾರಾಯ.

ಮೈಸೂರು: ನಿನಗಲ್ಲ ಹೇಳಿದ್ದು.

ಮೂಡುಬಿದಿರೆ: ಮೂರನೇ ಸೆಮಿಸ್ಟರಿನಲ್ಲಿ ನನ್ನ ಡಬ್ಬದ ಕ್ರಿಸ್ಮಸ್ ತಿಂಡಿ, ಕುಸ್ವಾರ್, ಖಾಲಿ ಮಾಡಿದ್ದು ಯಾರು? ಕಿಡಿಯೊ ಒಂದೂ ಉಳಿದಿರಲಿಲ್ಲ. ಆವಾಗ ‘ಅವರ ಹಬ್ಬ’ ನೆನಪಾಗಲಿಲ್ಲವಾ?

ಮೈಸೂರು ಹತ್ತು ನಿಮಿಷ ಟೈಪ್ ಮಾಡುತ್ತಿರುವುದಾಗಿ ತೋರಿಸಿತು. ಏನೂ ಬರಲಿಲ್ಲ.

ಹುಬ್ಬಳ್ಳಿ: ಇದರಾಗ ಜಗಳ ಯಾಕ? ದೀಪಾವಳಿಗೆ ನಮ್ಮ ಕಡೆ ಆಕಾಶಬುಟ್ಟಿ, ಇವನ ಕಡೆ ಕ್ರಿಸ್ಮಸ್‌ಗೆ ನಕ್ಷತ್ರ. ಅದೇ ಬಿದಿರು, ಅದೇ ಬಣ್ಣದ ಹಾಳಿ.

ಮೂಡುಬಿದಿರೆ: ಅಪ್ಪ ನಕ್ಷತ್ರ ಕಟ್ಟುತ್ತಿದ್ದದ್ದೇ ಹಾಗೆ. ಬಿದಿರು ಸೀಳಿ ಐದು ಮೂಲೆ, ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಒಳಗೆ ಒಂದು ಝೀರೋ ಬಲ್ಬು, ಅಷ್ಟೇ. ಅಂಟಿನ ಆಸೆಗೆ ರಾತ್ರಿ ಜಿರಲೆ ಬಂದು ಒಂದು ಮೂಲೆ ತಿಂದುಬಿಡುತ್ತಿತ್ತು. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರು ಬೇಕೆಂದು ಅಮ್ಮ ತಟ್ಟೆಯಲ್ಲಿ ಭತ್ತ ಮೊಳಕೆ ಬರಿಸುತ್ತಿದ್ದರು.

ನಾನು: ಡಲ್ಲಾಸ್, ಬಲ್ಬು ಯಾವುದು? ಬೆಳಕು ಹಳದಿ ಕಾಣುತ್ತಿದೆ.

ಡಲ್ಲಾಸ್: ಹಳೇ ಕಾಲದ ದಪ್ಪ ಬಲ್ಬು. ಎಲ್‌ಇಡಿ ನನಗೆ ಆಗುವುದಿಲ್ಲ, ಆಸ್ಪತ್ರೆ ವಾರ್ಡ್ ಥರ ಕಾಣುತ್ತದೆ. ಬಲ್ಬಿಗೆ 7 ವ್ಯಾಟ್, ಸರಕ್ಕೆ 25 ಬಲ್ಬು.

ನಾನು: ಅಂದರೆ 1400 ವ್ಯಾಟ್. ದಿನಕ್ಕೆ ಐದು ಗಂಟೆ ಅಂದರೂ ತಿಂಗಳಿಗೆ 210 ಯೂನಿಟ್. ಎಲ್‌ಇಡಿ ಆಗಿದ್ದರೆ 30 ಕೂಡ ದಾಟುತ್ತಿರಲಿಲ್ಲ. ಅಲ್ಲಿಯ 120 ವೋಲ್ಟಿಗೆ ನಿನ್ನ 15 ಆಂಪಿಯರ್ ಬ್ರೇಕರ್ ತಾಳುವುದೇ 1800 ವ್ಯಾಟ್. ಆ ಲೈನಿನಲ್ಲಿ ಇನ್ನೇನಿದೆ?

ಡಲ್ಲಾಸ್: ಏನೂ ಇಲ್ಲ. ಗ್ಯಾರೇಜಿನ ಒಂದೆರಡು ಪ್ಲಗ್ ಇರಬಹುದು.

ಈ ‘ಇರಬಹುದು’ ನೆನಪಿರಲಿ.

ಮೈಸೂರು: ಫಾರ್ವರ್ಡ್ ಬಂದಿದೆ ನೋಡಿ. ಕ್ರಿಸ್ಮಸ್ ಮರಕ್ಕೆ ಮೊದಲು ಬಲ್ಬು ಕಟ್ಟಿದ್ದು ಎಡಿಸನ್ ಅಂತೆ.

ನಾನು: ಅಲ್ಲ, ಅವನ ಜೊತೆಗಾರ ಎಡ್ವರ್ಡ್ ಜಾನ್ಸನ್. 1882, ನ್ಯೂಯಾರ್ಕಿನ ಅವನ ಮನೆಯಲ್ಲಿ. ಕೆಂಪು, ಬಿಳಿ, ನೀಲಿ ಸೇರಿ 80 ಬಲ್ಬು, ಎಲ್ಲಾ ಕೈಯಲ್ಲೇ ವೈರ್ ಹಾಕಿದ್ದು. ಮರ ತಿರುಗುತ್ತಿತ್ತು ಬೇರೆ.

ಹುಬ್ಬಳ್ಳಿ: ಮರಾನೂ ತಿರುಗತಿತ್ತಾ! ಡಲ್ಲಾಸ್, ಮುಂದಿನ ವರ್ಷ ನಿನ್ನ ಮನಿ ತಿರುಗಲಿ.

ಭಾನುವಾರ, ರಾತ್ರಿ 7:08

ಹಾಸನ: ಹೋದ ಸಲ ಬಂದಾಗ ಡಲ್ಲಾಸ್ ಕೊಟ್ಟಿದ್ದ ಸರ ಅಟ್ಟದಿಂದ ಇಳಿಸಿದ್ದೇನೆ. ಪಿನ್ನು ಚಪ್ಪಟೆ, ಆದರೆ ಅಡಾಪ್ಟರ್ ಸಿಕ್ಕಿತು. ಬಾಲ್ಕನಿಗೆ ಹಾಕುತ್ತೇನೆ.

ನಾನು: ನಿಲ್ಲು ನಿಲ್ಲು. ಎಷ್ಟು ವೋಲ್ಟಿನದ್ದು?

ಹಾಸನ: ಹಾಕಾಯ್ತು.

ಹಾಸನ: ಒಂದು ಕ್ಷಣ ಎಂಥಾ ಬೆಳಕು ಅಂತೀರಾ! ಆಮೇಲೆ ಏನೂ ಇಲ್ಲ.

ಫೋಟೊ ಬಂತು. ಸಣ್ಣ ಸಣ್ಣ ಬಲ್ಬು, ಒಂದೊಂದರ ಒಳಗೂ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಪಕ್ಕದಲ್ಲಿ ಮಗಳ ಕೈ, ಇನ್ನೂ ಸ್ವಿಚ್ ಮೇಲೇ ಇತ್ತು.

ನಾನು: 50 ಬಲ್ಬು ಸೀರೀಸ್‌ನಲ್ಲಿವೆ, ಒಂದರ ಹಿಂದೆ ಒಂದು. ಅಲ್ಲಿಯ 120 ವೋಲ್ಟ್ ಹಂಚಿಕೊಂಡರೆ ತಲೆಗೆ 2.4. ನೀನು 230 ಕೊಟ್ಟೆ, ತಲೆಗೆ 4.6. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಮೊದಲ ವರ್ಷದ ಪಾಠ ಕಣೋ!

ಹಾಸನ: ನಾನು ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್.

ಡಲ್ಲಾಸ್: ಡಬ್ಬದ ಮೇಲೆ ದೊಡ್ಡದಾಗಿ 120 ಅಂತ ಬರೆದಿತ್ತಲ್ಲ.

ಹಾಸನ: ಡಬ್ಬ ಎಲ್ಲಿ ಕೊಟ್ಟೆ? ಲಗೇಜ್ ಜಾಸ್ತಿ ಆಗುತ್ತದೆ ಅಂತ ಅದನ್ನು ಎಸೆದು, ಬನಿಯನ್ ಒಳಗೆ ಸುತ್ತಿ ತಂದೆ.

ಮೈಸೂರು: ಒಂದು ಡೌಟು. ನಮ್ಮ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಆರುತ್ತಿತ್ತು. ಅವರದ್ದು ಒಂದು ಹೋದರೂ ಉಳಿದವು ಉರಿಯುತ್ತವಲ್ಲ, ಹೇಗೆ?

ನಾನು: ಬಲ್ಬಿನ ಬುಡದಲ್ಲಿ ಒಂದು ಸಣ್ಣ ತಂತಿ ಸುತ್ತಿರುತ್ತಾರೆ, ಷಂಟ್. ಮಾಮೂಲಿಯಾಗಿ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಫಿಲಮೆಂಟ್ ಕಡಿದ ಕೂಡಲೇ ಪೂರ್ತಿ ವೋಲ್ಟೇಜ್ ಅದರ ಮೇಲೆ ಬೀಳುತ್ತದೆ, ಮೇಲಿನ ಪದರ ಒಡೆದು ದಾರಿ ಕೂಡಿಕೊಳ್ಳುತ್ತದೆ. ಆದರೆ ಉಳಿದವಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ವೋಲ್ಟೇಜ್. ಹೋದ ಬಲ್ಬು ಬದಲಿಸದೆ ಬಿಟ್ಟರೆ ಅವೂ ಬೇಗ ಬೇಗ ಹೋಗುತ್ತವೆ.

ಹುಬ್ಬಳ್ಳಿ: ಹಂಗಾರ ಅಂಥವೇ ಎರಡು ಸರ ಸೀರೀಸ್ ಮಾಡಿದ್ದರ ಹಾಸನಕ್ಕ ಸರಿ ಹೋಗತಿತ್ತು, ಅಲ್ಲೇನು?

ನಾನು: ಲೆಕ್ಕಕ್ಕೆ ಸರಿ. ಕೈಗೆ ಬೇಡ. ಪ್ಲಗ್ ಕತ್ತರಿಸಿ, ಸೆಲ್ಲೋಟೇಪ್ ಸುತ್ತಿ, ಮಂಜು ಬೀಳುವ ಬಾಲ್ಕನಿಯಲ್ಲಿ ಮಕ್ಕಳ ಕೈಗೆ ಸಿಗುವ ಹಾಗೆ ಜಾಯಿಂಟು ಬಿಡುತ್ತೀರಿ. ನಿಮ್ಮೆಲ್ಲರ ಲ್ಯಾಬ್ ನೋಡಿದವನು ನಾನು.

ಮೂಡುಬಿದಿರೆ: ಹಾಸನ, ಮಗಳಿಗೆ ನಾನು ಒಂದು ನಕ್ಷತ್ರ ಕಟ್ಟಿ ಬಸ್ಸಿಗೆ ಹಾಕುತ್ತೇನೆ. ಬಲ್ಬು ನಿನ್ನದು. 230 ವೋಲ್ಟಿನದ್ದು ತಗೋ.

ಬುಧವಾರ, ಬೆಳಗ್ಗೆ 7:15

ಹಾಸನ ನಕ್ಷತ್ರದ ಫೋಟೊ ಹಾಕಿದ್ದ. ಕೆಂಪು ಕಾಗದ, ಬಸ್ಸಿನಲ್ಲಿ ಒಂದು ಮೂಲೆ ಸ್ವಲ್ಪ ಮಡಚಿತ್ತು. ಅದರ ಕೆಳಗೆ ಡಲ್ಲಾಸ್ ಬಂದ.

ಡಲ್ಲಾಸ್: ಒಂದು ಸಮಾಚಾರ. ಇಲ್ಲಿ ಭಾನುವಾರ ರಾತ್ರಿ ಮಳೆ. ಸೋಮವಾರ ಸಂಜೆ ದೀಪ ಹತ್ತಲಿಲ್ಲ. ಟೈಮರ್ ನೆನೆದಿರಬೇಕು, ಒಣಗಲಿ ಅಂತ ಸುಮ್ನೆ ಬಿಟ್ಟೆ.

ನಾನು: ಟೈಮರ್ ಅಲ್ಲ. ನೀರು ಜಾಯಿಂಟಿಗೆ ಹೋಗಿ ಕರೆಂಟ್ ಸೋರಿದೆ. ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್ ಇರುತ್ತದಲ್ಲ, ನಮ್ಮ ಮನೆಗಳ ಇಎಲ್‌ಸಿಬಿ, ಅದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ಗೆ ಬೀಳುತ್ತದೆ, ನಿಮ್ಮ ಹೊರಗಿನ ಪ್ಲಗ್ಗಿನದ್ದು ಐದಕ್ಕೇ. ಗ್ಯಾರೇಜಿನ ಪ್ಲಗ್ಗೂ ಅದರ ಮೇಲೇ ಇದ್ದರೆ ಅದೂ ಸತ್ತಿರುತ್ತದೆ. ಅಲ್ಲಿ ಏನಿದೆ ಅಂದೆ?

ಡಲ್ಲಾಸ್: ಫ್ರೀಜರ್.

ಹಾಸನ: ಒಳಗೆ?

ಡಲ್ಲಾಸ್: ಹಿತಕಿದ ಅವರೆಕಾಳು. ಆರು ಪ್ಯಾಕೆಟ್.

ಹಾಸನ: ಅಯ್ಯೋ! ವಾಸನೆ ನೋಡಿದೆಯಾ?

ಡಲ್ಲಾಸ್: ನೋಡಿದೆ. ಹೆಂಡತಿಯೂ ನೋಡಿದಳು. ಈಗ ಏಣಿ ಮೇಲಿದ್ದೇನೆ, ಸರ ಬಿಚ್ಚುತ್ತಿದ್ದೇನೆ.

ಮೂಡುಬಿದಿರೆ: ಹಬ್ಬಕ್ಕೆ ಇನ್ನೂ ಎಂಟು ದಿನ ಇದೆ ಮಾರಾಯ.