ಪಿಟೀಲು, ಚೆಲ್ಲೋಗೆ ಬರೆದ ಜೋಡಿ ಸ್ವರ ಕೈಗೆ ಸಿಗುತ್ತಾ ಇಲ್ಲವಾ, ವಾದ್ಯ ಎದುರಿಗಿಲ್ಲದೆ ನೋಡೋದು ಹೇಗೆ?

ಹಾಸನದ ಮೇಳ

ನಮಸ್ಕಾರ. ಹಾಸನದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಎರಡು ಪಿಟೀಲು, ಒಂದು ಚೆಲ್ಲೋಗೆ ನಾಲ್ಕು ನಿಮಿಷದ ರಚನೆ ಬರೆಯುತ್ತಿದ್ದೇನೆ, ಡಿ ಮೇಜರ್‌ನಲ್ಲಿ. ನಾನು ಕೀಬೋರ್ಡ್‌ನವನು. ಪಿಟೀಲಿನವರು ಇಬ್ಬರೂ ರುದ್ರಪಟ್ಟಣದ ಕಡೆಯವರು, ಕರ್ನಾಟಕ ಸಂಗೀತ ಕಲಿತವರು, ಸ್ಟಾಫ್ ನೊಟೇಶನ್ ಓದುತ್ತಾರೆ. ಚೆಲ್ಲೋದವರು ಬೆಂಗಳೂರಿನಿಂದ ಬರೋದು ಹಿಂದಿನ ದಿನ, ಆಮೇಲೆ ತಿದ್ದಲು ಸಮಯ ಇರಲ್ಲ. ಅನುಮಾನ ಇರುವ ಜಾಗಗಳು (ಅಕ್ಷರ ಸ್ವರ, ಅಂಕಿ ಸಪ್ತಕ):

12ನೇ ಬಾರ್: ಎರಡನೇ ಪಿಟೀಲಿಗೆ ಎ3 ಮತ್ತು ಸಿ#4 ಒಟ್ಟಿಗೆ, ಎರಡು ಬೀಟ್.
27ನೇ ಬಾರ್: ಚೆಲ್ಲೋಗೆ ಡಿ2 ಮತ್ತು ಡಿ3 ಒಟ್ಟಿಗೆ.
ಕೊನೆಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು): ಮೊದಲ ಪಿಟೀಲಿಗೆ ಡಿ4, ಎ4, ಎಫ್#5.

ಮ್ಯೂಸ್‌ಸ್ಕೋರ್‌ನಲ್ಲಿ ಮೂರೂ ಚೆನ್ನಾಗಿ ಕೇಳಿಸುತ್ತವೆ.

ನಾಲ್ಕು ತಂತಿ

ಸಾಫ್ಟ್‌ವೇರ್‌ನಲ್ಲಿ ಕೇಳಿಸಿತು ಅನ್ನೋದಕ್ಕೆ ಇಲ್ಲಿ ಬೆಲೆ ಇಲ್ಲ. ಸ್ವರ ವಾದ್ಯದ ವ್ಯಾಪ್ತಿ ದಾಟಿದರೆ ಅದು ಬಣ್ಣ ಬದಲಿಸಿ ತೋರಿಸುತ್ತದೆ, ಅಷ್ಟೇ. ಯಾವ ಸ್ವರ ಯಾವ ತಂತಿಯಲ್ಲಿ, ಯಾವ ಬೆರಳಿಗೆ ಅನ್ನೋದನ್ನು ನಾವೇ ನೋಡಬೇಕು.

ಮೊದಲು ತಂತಿ ಗೊತ್ತು ಮಾಡಿ, ಬೆರಳು ಆಮೇಲೆ. ಒಂದು ತಂತಿಯಲ್ಲಿ ಒಮ್ಮೆಗೆ ಒಂದೇ ಸ್ವರ. ಕಮಾನಿಗೆ ಒಟ್ಟಿಗೆ ಸಿಗೋದು ಪಕ್ಕಪಕ್ಕದ ತಂತಿಗಳು ಮಾತ್ರ, ಏಕೆಂದರೆ ತಂತಿ ಹೊತ್ತಿರುವ ಬ್ರಿಡ್ಜ್ ಬಾಗಿದೆ. ನಿಮ್ಮ 12ನೇ ಬಾರ್ ಇಲ್ಲೇ ಬಿದ್ದುಹೋಯಿತು. ಪಿಟೀಲಿನ ಜಿ3 ತಂತಿಯ ಪಕ್ಕದ್ದು ಡಿ4. ಎ3, ಸಿ#4 ಎರಡೂ ಡಿ4ಗಿಂತ ಕೆಳಗಿವೆ, ಎರಡಕ್ಕೂ ಜಿ ತಂತಿ ಬಿಟ್ಟರೆ ಗತಿಯಿಲ್ಲ. ಎಂಥ ವಿದ್ವಾಂಸರಿಗೂ ಅದು ಆಗಲ್ಲ.

ಎರಡನೆಯದು ಕಳೆಯುವ ಲೆಕ್ಕ. ಎರಡು ಸ್ವರಗಳ ನಡುವಿನ ಸೆಮಿಟೋನ್ (ಕೀಬೋರ್ಡಿನ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ) ಎಣಿಸಿ, ಅದರಲ್ಲಿ ತಂತಿಗಳ ನಡುವಿನ ಅಂತರ ಕಳೆಯಿರಿ. ಜಿ-ಡಿ-ಎ-ಇ ಶ್ರುತಿಯಲ್ಲಿ ಆ ಅಂತರ ಯಾವಾಗಲೂ 7. ಸಪ್ತಕ 12, ಕಳೆದರೆ 5: ಮೇಲಿನ ತಂತಿಯ ಬೆರಳು 5 ಸೆಮಿಟೋನ್ ಮುಂದೆ. ಪಿಟೀಲಿನಲ್ಲಿ ಒಂದನೇ ಬೆರಳಿನಿಂದ (ತೋರುಬೆರಳು) ನಾಲ್ಕನೇ ಬೆರಳಿಗೆ (ಕಿರುಬೆರಳು) ಇರುವ ಸಹಜ ಅಳತೆ ಇದೇ. ಮೇಜರ್ ಥರ್ಡ್ 4, ಕಳೆದರೆ ಮೈನಸ್ 3: ಈಗ ಕೆಳಗಿನ ತಂತಿಯ ಬೆರಳು ಮುಂದೆ ಹೋಗುತ್ತದೆ. ಶೂನ್ಯ ಬಂದರೆ ಒಂದೇ ಬೆರಳು ಎರಡು ತಂತಿಯ ಮೇಲೆ ಅಡ್ಡ ಮಲಗಬೇಕು. ಸಾಧ್ಯ, ಆದರೆ ಶ್ರುತಿ ಸ್ವಲ್ಪ ಜಾರಿದರೂ ಕಿವಿಗೆ ಹೊಡೆಯುತ್ತದೆ. ಟೆಂತ್ (15 ಅಥವಾ 16 ಸೆಮಿಟೋನ್) ಬರೆದರೆ ಉತ್ತರ 8 ಅಥವಾ 9. ಅದು ಸೋಲೋ ನುಡಿಸುವವರ ಕೈಗೆ, ಶಾಲೆಯ ಕಾರ್ಯಕ್ರಮಕ್ಕೆ ಬೇಡ. ಒಂದು ಸ್ವರ ಖಾಲಿ ತಂತಿಯದಾದರೆ (ಬೆರಳು ಊರದೆ ನುಡಿಯುವಂಥದ್ದು) ಈ ಲೆಕ್ಕವೇ ಬೇಕಿಲ್ಲ, ಕೈ ಎಲ್ಲಿ ಬೇಕಾದರೂ ಇರಬಹುದು.

ಚೆಲ್ಲೋಗೆ (ತಂತಿಗಳು ಸಿ2, ಜಿ2, ಡಿ3, ಎ3) ಕಳೆಯುವ ಲೆಕ್ಕ ಅದೇ, ಕೈಯ ಮಿತಿ ಬೇರೆ. ಪಿಟೀಲಿನ ತಂತಿಯ ನುಡಿಯುವ ಉದ್ದ ಸುಮಾರು 325 ಮಿ.ಮೀ., ಚೆಲ್ಲೋದ್ದು 690. ಮೊದಲ ಪೊಸಿಷನ್‌ನಲ್ಲಿ (ಕೈ ವಾದ್ಯದ ತಲೆಯ ಕಡೆಯೇ ಇರುವ ಜಾಗ) 5 ಸೆಮಿಟೋನ್ ಅಂದರೆ ಪಿಟೀಲಿನಲ್ಲಿ 73 ಮಿ.ಮೀ., ಚೆಲ್ಲೋದಲ್ಲಿ 154! ಅಲ್ಲಿ ಒಂದನೇ ಬೆರಳಿನಿಂದ ನಾಲ್ಕನೆಯದಕ್ಕೆ 3 ಸೆಮಿಟೋನ್, ಬೆರಳು ಚಾಚಿದರೆ 4. ಅದಕ್ಕೇ ಖಾಲಿ ತಂತಿ ಇಲ್ಲದ ಸಪ್ತಕ ಬರೆದರೆ ಚೆಲ್ಲೋದವರು ಹೆಬ್ಬೆರಳನ್ನೇ ತಂತಿಯ ಮೇಲೆ ತರಬೇಕಾಗುತ್ತದೆ.

ನಿಮ್ಮ 27ನೇ ಬಾರ್‌ನಲ್ಲಿ ಡಿ3 ಖಾಲಿ ತಂತಿ ತಾನೇ ಅನ್ನಿಸಬಹುದು. ಹೌದು, ಆದರೆ ಡಿ2 ಇರೋದು ಸಿ ತಂತಿಯಲ್ಲಿ, ನಡುವೆ ಜಿ ತಂತಿ ಅಡ್ಡ ಕೂತಿದೆ. ಡಿ3ಯನ್ನು ಜಿ ತಂತಿಯಲ್ಲಿ ಹಿಡಿಯೋಣ ಅಂದರೆ ಮತ್ತೆ ಅದೇ 154 ಮಿ.ಮೀ. ಎರಡು ದಾರಿಯೂ ಮುಚ್ಚಿವೆ.

ಬೆಟ್ಟದ ಚೆಲ್ಲೋ, ಚಿಕ್ಕಮಗಳೂರು

ಮೇಲಿನವರು ಹೇಳಿದ ಮಿ.ಮೀ. ಅನ್ನು ಕಾಗದದ ಮೇಲೆ ಇಳಿಸಿಕೊಳ್ಳಿ. ನಟ್‌ನಿಂದ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ದೂರ = ಉದ್ದ × (1 − 2ರ ಘಾತ −ಎನ್/12); ಎನ್ ಅಂದರೆ ಸೆಮಿಟೋನ್ ಎಣಿಕೆ. ಪಿಟೀಲಿಗೆ 2, 4, 5, 7, 9ಕ್ಕೆ ಕ್ರಮವಾಗಿ 35, 67, 82, 108, 132 ಮಿ.ಮೀ. ಬರುತ್ತದೆ. ಚೆಲ್ಲೋಗೆ 2, 5, 7ಕ್ಕೆ 75, 173, 229. ಎ3 ಹಾಳೆಯಲ್ಲಿ ಎರಡಕ್ಕೂ ಜಾಗ ಸಾಕು. ನಟ್ ಹತ್ತಿರ ಆಚೀಚೆಯ ತಂತಿಗಳ ನಡುವೆ ಪಿಟೀಲಿಗೆ ಸುಮಾರು 16, ಚೆಲ್ಲೋಗೆ 22 ಮಿ.ಮೀ. ಬಿಡಿ. ಬಿ.ಎಂ. ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸುವುದಾದರೆ 'ಫಿಟ್ ಟು ಪೇಜ್' ತೆಗೆದುಹಾಕಲು ಹೇಳಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಕೈಗೆ ಎಲ್ಲವೂ ಎಟುಕಿದಂತೆ ಕಾಣುತ್ತದೆ. ಬಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ.

ಹಾಳೆಯನ್ನು ರಟ್ಟಿಗೆ ಅಂಟಿಸಿ, ಎಡಗೈಯನ್ನು ಹಿಂದಿನಿಂದ ತಂದು ಹಿಡಿಯಿರಿ. ಮೇಜಿನ ಮೇಲೆ ಹರಡಿಟ್ಟು ಬೆರಳು ಊರಿದರೆ ಮಣಿಕಟ್ಟು ನೆಟ್ಟಗಿರುತ್ತದೆ, ನಿಜವಾದ ವಾದ್ಯದಲ್ಲಿ ಹಾಗಿರಲ್ಲ. ಬೆರಳು ತಲುಪಿದ ಮೇಲೆ ಇನ್ನೊಂದು ನೋಡಬೇಕು: ಅದು ಪಕ್ಕದ ತಂತಿಗೆ ತಾಗದಂತೆ ಕಮಾನಾಗಿ ನಿಲ್ಲುತ್ತದಾ? ಬಿಡಿಯಾಗಿ ಹಿಡಿಯಲು ಬಂದರೂ ಸಾಲದು, ಹಿಂದಿನ ಸ್ವರದಿಂದ ಅಲ್ಲಿಗೆ ಹೋಗಲು ಸಮಯವೂ ಇರಬೇಕು.

ಶ್ರುತಿಪೆಟ್ಟಿಗೆ

ಎಲ್ಲರೂ ಜಿ-ಡಿ-ಎ-ಇ ಹಿಡಿದೇ ಮಾತಾಡುತ್ತಿದ್ದೀರಿ. ಕರ್ನಾಟಕ ಪಿಟೀಲು ಸ-ಪ-ಸ-ಪ (ಷಡ್ಜ, ಪಂಚಮ) ಅಲ್ಲವಾ? ಸರ್, ಅವರ ಶ್ರುತಿ ಎಷ್ಟು ಮನೆ?

ಹಾಸನದ ಮೇಳ

ಇಬ್ಬರದ್ದೂ 5 ಮನೆ, ಅಂದರೆ ಷಡ್ಜ ಜಿ.

ಶ್ರುತಿಪೆಟ್ಟಿಗೆ

ಹಾಗಾದರೆ ತಂತಿಗಳು ಜಿ3, ಡಿ4, ಜಿ4, ಡಿ5. ಅಂತರ 7, 5, 7. ನಡುವಿನ ಎರಡು ತಂತಿಗೆ ಕಳೆಯಬೇಕಾದ್ದು 5, ಏಳಲ್ಲ. ಅಲ್ಲಿ ಸಪ್ತಕ ಬರೆದರೆ ಉತ್ತರ 7, ಕೈಗೆ ಕಷ್ಟ. ಒಂದೇ ಬೆರಳು ಅಡ್ಡ ಮಲಗಿದರೆ ಅಲ್ಲಿ ಸಿಗೋದು ಫಿಫ್ತ್ (7 ಸೆಮಿಟೋನ್) ಅಲ್ಲ, ಫೋರ್ತ್ (5).

ಜಿ-ಡಿ-ಎ-ಇಗೆ ತಿರುಗಿಸಿಕೊಳ್ಳಿ ಅಂತ ಕೇಳಲೇಬೇಡಿ. ತಂತಿ ತಡೆಯಬಹುದು, ಆದರೆ ಅವರ ಬೆರಳಿನ ಅಭ್ಯಾಸವೆಲ್ಲ ಸ-ಪ ಮೇಲೆ ಕಟ್ಟಿದ್ದು. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರಿನ ಕಡೆಯವರಿಗೆ ಶ್ರುತಿ ಬದಲಿಸಲು ಹೇಳೋದಕ್ಕಿಂತ ನೀವು ಕೀ ಬದಲಿಸೋದು ಸುಲಭ! ಡಿ ಮೇಜರ್ ಬಿಟ್ಟು ಜಿ ಮೇಜರ್‌ಗೆ ಏರಿಸಿ. ಷಡ್ಜ ಜಿ ಆಗುತ್ತದೆ, ಖಾಲಿ ತಂತಿಗಳೆಲ್ಲ ನಿಮ್ಮ ಪರ.

12ನೇ ಬಾರ್: ಡಿ4, ಎಫ್#4 ಆಗುತ್ತದೆ. ಜಿ ತಂತಿಯಲ್ಲಿ ನಾಲ್ಕನೇ ಬೆರಳು, ಡಿ ತಂತಿಯಲ್ಲಿ ಎರಡನೆಯದು. ಸಿಗುತ್ತದೆ, ಆದರೆ ಆ ನಾಲ್ಕನೇ ಬೆರಳು ಗಟ್ಟಿ ಇರಬೇಕು.
27ನೇ ಬಾರ್: ಜಿ2, ಜಿ3. ಚೆಲ್ಲೋದ ಖಾಲಿ ಜಿ, ಪಕ್ಕದ ಡಿ ತಂತಿಯಲ್ಲಿ ನಾಲ್ಕನೇ ಬೆರಳು, ಮೊದಲ ಪೊಸಿಷನ್. ಸಲೀಸು.
ಕೊನೆಯ ಕಾರ್ಡ್: ಏರಿಸಿದರೆ ಜಿ4, ಡಿ5, ಬಿ5. ಮೇಲೆ ಹೋಗಿ ಮೂರು ಬೆರಳು ಒಟ್ಟಿಗೆ ಊರಬೇಕು, ಬೇಡ. ಒಂದು ಸಪ್ತಕ ಇಳಿಸಿ: ಜಿ3 ಖಾಲಿ, ಡಿ4 ಖಾಲಿ, ಜಿ4 ತಂತಿಯಲ್ಲಿ ಎರಡನೇ ಬೆರಳಿಗೆ ಬಿ4. ಮೂರು ತಂತಿ ಒಟ್ಟಿಗೆ ಎಳೆಯಲು ಬರೋದು ಜೋರಾಗಿ ಒಂದು ಕ್ಷಣ ಮಾತ್ರ. ಕೆಳಗಿನೆರಡನ್ನು ಮೊದಲು ಮುಟ್ಟಿ ಮೇಲಿನೆರಡರಲ್ಲಿ ನಿಲ್ಲುವಂತೆ ಬರೆಯಿರಿ.

ಹಾಸನದ ಮೇಳ

ಜಿಗೆ ಏರಿಸಿದೆ, ತುಂಬಾ ಉಪಕಾರ. ಒಂದು ಉಳಿದಿದೆ: 19ನೇ ಬಾರ್‌ನಲ್ಲಿ ಮೊದಲ ಪಿಟೀಲಿಗೆ ಜಿ3, ಬಿ4, ಜಿ3, ಬಿ4 ಹೀಗೆ ಹದಿನಾರನೇ ನೋಟುಗಳು, 120 ವೇಗ.

ನಾಲ್ಕು ತಂತಿ

ಸೆಕೆಂಡಿಗೆ 8 ಸ್ವರ. ಬಿ4 ಅನ್ನು ಜಿ4 ತಂತಿಯಲ್ಲಿ ಹಿಡಿದರೆ ಕಮಾನು ಪ್ರತಿ ಸಲ ಡಿ ತಂತಿಯನ್ನು ಹಾರಬೇಕು, ಆ ವೇಗದಲ್ಲಿ ಡಿ ಕೂಡ ಗೀಚಿಕೊಳ್ಳುತ್ತದೆ. ಅದೇ ಬಿ4 ಡಿ ತಂತಿಯಲ್ಲೂ ಇದೆ: 9ನೇ ಸೆಮಿಟೋನ್, ನಟ್‌ನಿಂದ 132 ಮಿ.ಮೀ., ಮೂರನೇ ಪೊಸಿಷನ್‌ನಲ್ಲಿ ಮೂರನೇ ಬೆರಳು. ಜಿ3 ಖಾಲಿ ತಂತಿ, ಹಾಗಾಗಿ ಕೈ ಅಲ್ಲೇ ನಿಲ್ಲಬಹುದು. ಸ್ವರದ ಮೇಲೆ 'ಡಿ ತಂತಿ' ಅಂತ ಬರೆದುಬಿಡಿ. ಹಿಂದಿನ ಬಾರ್‌ನ ಕೊನೆಯ ಸ್ವರವೂ ಖಾಲಿ ತಂತಿಯದಾದರೆ ಕೈ ಮೇಲೆ ಹೋಗಲು ಬಿಡುವು ಸಿಗುತ್ತದೆ.