ನಕ್ಷತ್ರ ಸಿಡಿದಿದ್ದರಿಂದಲೇ ಸೌರಮಂಡಲ ಹುಟ್ಟಿತಾ?

ಪ್ರಶ್ನೆ:
ಹತ್ತಿರದಲ್ಲೇ ಒಂದು ನಕ್ಷತ್ರ ಸಿಡಿಯಿತು, ಆ ಹೊಡೆತಕ್ಕೆ ಅನಿಲದ ಮೋಡ ಕುಸಿದು ಸೂರ್ಯ ಹುಟ್ಟಿದ ಅಂತ ಓದಿದೆ. ಕಂಡವರು ಯಾರೂ ಇಲ್ಲ. ಸಾಕ್ಷಿ ಎಲ್ಲಿದೆ? ಮಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಉತ್ತರ 1:
ಸಾಕ್ಷಿ ಕಲ್ಲಿನಲ್ಲಿದೆ. 1969ರ ಫೆಬ್ರವರಿಯಲ್ಲಿ ಮೆಕ್ಸಿಕೋದ ಅಯೆಂಡೆ ಸುತ್ತಮುತ್ತ ಉಲ್ಕೆಯ ಕಲ್ಲುಗಳು ಬಿದ್ದವು. ಅದರ ಒಂದು ಚೂರನ್ನು ಮ್ಯೂಸಿಯಂನಲ್ಲಿ ಗಾಜಿಗೆ ಮೂಗು ತಾಗಿಸಿಕೊಂಡು ನೋಡಿದ್ದೇನೆ. ಬೂದುಗಪ್ಪು ಕಲ್ಲು, ಅದರಲ್ಲಿ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಅವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಭೂಮಿಗಿಂತ ಹಳೆಯವು! ಅಲ್ಲಿಂದ ಕದಲೋಕೇ ಮನಸ್ಸಾಗಲಿಲ್ಲ.

1976ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿಗಳು ಇಂಥ ಚುಕ್ಕೆಯಲ್ಲಿ ಮೆಗ್ನೀಸಿಯಂ-26 (ಮೆಗ್ನೀಸಿಯಂನ ಒಂದು ಬಗೆ) ಜಾಸ್ತಿ ಇರುವುದನ್ನು ತೋರಿಸಿದರು. ಅಲ್ಯೂಮಿನಿಯಂ ಹೆಚ್ಚಿದ್ದ ಕಡೆಯೇ ಅದೂ ಹೆಚ್ಚು. ಅಂದರೆ ಅಲ್ಲಿ ಮೊದಲು ಇದ್ದದ್ದು ಅಲ್ಯೂಮಿನಿಯಂ-26, ತಾನಾಗಿಯೇ ಕ್ಷಯಿಸಿ ಮೆಗ್ನೀಸಿಯಂ-26 ಆಗುವ ಅಲ್ಯೂಮಿನಿಯಂ. ಅದು ಸುಮಾರು 7 ಲಕ್ಷ ವರ್ಷಕ್ಕೇ ಅರ್ಧ ಆಗಿಬಿಡುತ್ತದೆ. ಹಾಗಾದರೆ ಚುಕ್ಕೆ ಗಟ್ಟಿಯಾಗುವ ಸ್ವಲ್ಪ ಮುಂಚೆ ತಾನೇ ಯಾವುದೋ ನಕ್ಷತ್ರದ ಒಲೆಯಿಂದ ಬಂದಿರಬೇಕು, ಅಲ್ವಾ?

ಉತ್ತರ 2:
ನಕ್ಷತ್ರದಿಂದ ಬಂತು, ಒಪ್ಪುತ್ತೇನೆ. ಸ್ಫೋಟದಿಂದಲೇ ಅನ್ನೋದು ಕಷ್ಟ. ಪಕ್ಕದಲ್ಲೇ ಸಿಡಿದಿದ್ದರೆ ಕಬ್ಬಿಣ-60 (ಹೀಗೇ ಕ್ಷಯಿಸುವ ಕಬ್ಬಿಣದ ಒಂದು ಬಗೆ) ಕೂಡ ಜೋರಾಗಿ ಬರಬೇಕಿತ್ತು. 2012ರಲ್ಲಿ ಪ್ರಕಟವಾದ ಉಲ್ಕೆಕಲ್ಲುಗಳ ಅಳತೆಯಲ್ಲಿ ಅದು ತೀರಾ ಕಡಿಮೆ. ದೈತ್ಯ ನಕ್ಷತ್ರಗಳು ಸಿಡಿಯುವ ಮುಂಚೆಯೇ ಮೈಯ ಹೊರಪದರವನ್ನು ಗಾಳಿಯಾಗಿ ಊದುತ್ತವೆ. ಆ ಗಾಳಿಯಲ್ಲಿ ಅಲ್ಯೂಮಿನಿಯಂ-26 ಇರುತ್ತದೆ, ಕಬ್ಬಿಣ-60 ಹೆಚ್ಚು ಇರುವುದಿಲ್ಲ. ನನಗೆ ಅದೇ ಸರಿ ಅನಿಸುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕಿನುಚ್ಚಿನ ಮಾತು ಮಗಳಿಗೆ ತುಂಬಾ ಹಿಡಿಸಿತು. ಆ ಕಲ್ಲು ಮುಟ್ಟಲು ಬಿಡುತ್ತಾರಾ ಅಂತ ಕೇಳುತ್ತಿದ್ದಾಳೆ.